ಬೆಂಚಿನ ಮೇಲೆ ಉಳಿದ ಇಪ್ಪತ್ತಮೂರು ಅಂಕ

ಸ್ವೀಡನ್ನಿನಲ್ಲಿ ಏನೇನು ನೋಡಿದೆ ಎಂದು ಕೇಳಿದವರಿಗೆಲ್ಲ ನಾನು ಟ್ರೋಲ್‌ಹೆಟ್ಟನ್ ಎಂಬ ಊರಿನ ಜಲಪಾತದ ಫೋಟೋ ತೋರಿಸಿ ಮಾತು ಮುಗಿಸುತ್ತೇನೆ. ಚೆನ್ನಾಗಿದೆ ಅನ್ನುತ್ತಾರೆ. ಚೆನ್ನಾಗಿಯೇ ಇತ್ತು. ಆದರೆ ಆ ಒಂದು ವಾರದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ಒಂದು ಫ್ರಿಜ್ಜಿನ ಬಾಗಿಲನ್ನು. ಅದರ ಫೋಟೋ ನನ್ನ ಹತ್ತಿರ ಇಲ್ಲ. ತೆಗೆಯುವ ಮುಖ ನನಗಿರಲಿಲ್ಲ.

ಮೊದಲು ಸ್ವಲ್ಪ ಹಳೆಯ ಕಥೆ ಹೇಳಬೇಕು. ಹತ್ತು ಹನ್ನೆರಡು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಕಚೇರಿಯಲ್ಲಿ ನಾವು ಎಂಟು ಜನ ಅಮೆರಿಕದ ಗಿರಾಕಿಯೊಬ್ಬರಿಗೆ ಕೆಲಸ ಮಾಡುತ್ತಿದ್ದೆವು. ಅಲ್ಲಿನ ದೊಡ್ಡ ಸಾಹೇಬ ಪ್ರತಿ ಸೋಮವಾರದ ಕರೆಯಲ್ಲಿ ಮೊದಲ ಹತ್ತು ನಿಮಿಷ ಬೇಸ್‌ಬಾಲ್ ಬಗ್ಗೆಯೇ ಮಾತಾಡುತ್ತಿದ್ದ. ಕ್ರಿಕೆಟ್ ಬಿಟ್ಟು ಬೇರೆ ಆಟಕ್ಕೆ ಚಪ್ಪಾಳೆ ತಟ್ಟಿ ಗೊತ್ತಿಲ್ಲದ ನಾವು ಹ್ಞೂಂ ಹ್ಞೂಂ ಎಂದು ತಲೆಯಾಡಿಸುತ್ತಿದ್ದೆವು. ಹೀಗೇ ಆದರೆ ಮರ್ಯಾದೆ ಉಳಿಯುವುದಿಲ್ಲ ಎಂದು ಆ ಆಟ ಕಲಿಯುವುದಕ್ಕೋಸ್ಕರ ಫೋನಿನಲ್ಲಿ ಒಂದು ಲೀಗ್ ಕಟ್ಟಿಕೊಂಡೆವು. ಸಾಹೇಬ ನಿವೃತ್ತನಾದ, ಕೆಲಸ ಬೇರೆ ಕಂಪನಿಗೆ ಹೋಯಿತು, ನಾವು ದಿಕ್ಕಿಗೊಬ್ಬರಾದೆವು. ಲೀಗ್ ಮಾತ್ರ ಉಳಿಯಿತು.

ಆಟ ಸರಳ. ಅಮೆರಿಕದಲ್ಲಿ ನಿಜವಾಗಿ ಆಡುವ ಆಟಗಾರರನ್ನು ನಾವು ನಮ್ಮ ನಮ್ಮ ಕಾಗದದ ತಂಡಕ್ಕೆ ಹಂಚಿಕೊಂಡಿರುತ್ತೇವೆ. ಅವರು ಅಲ್ಲಿ ಚೆನ್ನಾಗಿ ಆಡಿದರೆ ನಮಗಿಲ್ಲಿ ಅಂಕ. ಪ್ರತಿ ವಾರ ಒಬ್ಬರಿಗೆ ಒಬ್ಬರು ಎದುರಾಳಿ. ಸೋಮವಾರದಿಂದ ಭಾನುವಾರದವರೆಗೆ ಯಾರ ಮೊತ್ತ ಹೆಚ್ಚೋ ಅವರು ಗೆದ್ದಂತೆ. ಒಂದೇ ಷರತ್ತು, ಪಂದ್ಯ ಶುರುವಾಗುವ ಮೊದಲು ನಮ್ಮ ಆಟಗಾರನನ್ನು ಬೆಂಚಿನಿಂದ ಎಬ್ಬಿಸಿ ಅಂಗಳಕ್ಕೆ ಇಳಿಸಿರಬೇಕು. ಬೆಂಚಿನ ಮೇಲೆ ಬಿಟ್ಟರೆ ಅವನ ಅಂಕ ಬೂದು ಬಣ್ಣದಲ್ಲಿ ಕಾಣುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ಆ ಹೆಸರುಗಳು ನಾಲಿಗೆಗೆ ಹೊರಳದ ಕಾರಣ ನಾವು ಎಲ್ಲರಿಗೂ ಕನ್ನಡದಲ್ಲಿ ಅಡ್ಡಹೆಸರು ಇಟ್ಟಿದ್ದೇವೆ. ನನ್ನ ಚೆಂಡೆಸೆಯುವವನು ಉದ್ದಕೈ. ದಪ್ಪಗಿರುವ ಬ್ಯಾಟುಗಾರ ಬೋಂಡಾ. ನನ್ನ ತಂಡದ ಹೆಸರು ದಾವಣಗೆರೆ ಬೆಣ್ಣೆ. ಎರಡು ಸಲ ಚಾಂಪಿಯನ್ ಆದ ತಂಡ, ಅದನ್ನು ನಾನೇ ಹೇಳಿಕೊಳ್ಳಬೇಕಾಗಿದೆ.

ಆ್ಯಪ್‌ನಲ್ಲಿ ಇಲ್ಲದ ಒಂದು ನಿಯಮ ನಮ್ಮಲ್ಲಿದೆ. ಮೊದಲ ವರ್ಷ ಒಬ್ಬನ ತಂದೆ ಆಸ್ಪತ್ರೆಯಲ್ಲಿದ್ದಾಗ ಅವನ ತಂಡದಲ್ಲಿ ಮೂರು ಜಾಗ ಖಾಲಿ ಉಳಿದವು. ಎದುರಾಳಿ ಸುಲಭವಾಗಿ ಗೆದ್ದ. ಆಮೇಲೆ ವಿಷಯ ಗೊತ್ತಾಗಿ ಎಲ್ಲರಿಗೂ ನಾಚಿಕೆಯಾಯಿತು. ಅಂದಿನಿಂದ, ಎದುರಾಳಿಯ ತಂಡದಲ್ಲಿ ಖಾಲಿ ಜಾಗ ಕಂಡರೆ ಫೋನ್ ಮಾಡಿ ಹೇಳಲೇಬೇಕು. ಹೇಳದೆ ಗೆದ್ದವನನ್ನು ನಾವು ಗೆದ್ದವನೆಂದು ಕರೆಯುವುದಿಲ್ಲ.

ಸೋಮವಾರ, ಕಿಸ್ಟಾ

ಕಚೇರಿಯವರು ನನ್ನನ್ನು ಎರಡು ದಿನದ ಕೆಲಸಕ್ಕೆ ಕಿಸ್ಟಾಗೆ ಕಳಿಸಿದ್ದರು. ಸ್ಟಾಕ್‌ಹೋಮಿನ ನೀಲಿ ಮೆಟ್ರೋ ಹಿಡಿದು ಹೋಗಬೇಕು. ಬಂಡೆ ಕೊರೆದು ಹಾಗೇ ಬಿಟ್ಟಂಥ ನಿಲ್ದಾಣಗಳಲ್ಲಿ ನಾನು ಬಾಯಿ ತೆರೆದುಕೊಂಡು ನಿಂತಿದ್ದಾಗ ಹಿಂದಿನಿಂದ ಯಾರೋ "ಮಗಾ, ಡೋರ್ ಹತ್ರ ನಿಂತ್ಕೋ, ನೆಕ್ಸ್ಟೇ ಇಳಿಯೋದು" ಎಂದರು. ತಿರುಗಿದರೆ ನಾಲ್ಕು ಜನ ನಮ್ಮ ಹುಡುಗರು, ಕೊರಳಲ್ಲಿ ಗುರುತಿನ ಚೀಟಿ, ಬೆನ್ನಿಗೆ ಚೀಲ. ಸಿಲ್ಕ್ ಬೋರ್ಡಿನಲ್ಲಿ ಬಸ್ಸಿಗೆ ಕಾಯುವ ಹಾಗೇ ನಿಂತಿದ್ದರು.

ಕಚೇರಿಯಲ್ಲಿ ಹತ್ತು ಗಂಟೆಗೆ ಎಲ್ಲರೂ ಎದ್ದು ಹೋದರು. ಫೀಕಾ, ಅಂದರೆ ಕಾಫಿ ತಿಂಡಿಯ ಬಿಡುವು. ನಾನು ಗಟ್ಟಿ ಕೆಲಸಗಾರ್ತಿ ಎಂದು ತೋರಿಸಿಕೊಳ್ಳಲು ಕೂತಲ್ಲೇ ಕೂತೆ. ಹತ್ತು ನಿಮಿಷದ ಮೇಲೆ ಒಬ್ಬಾಕೆ ಬಾಗಿಲಲ್ಲಿ ಬಂದು ನಿಂತು, ನಿಮಗಾಗಿ ಕಾಯುತ್ತಿದ್ದೇವೆ ಎಂದಳು. ಹೋಗಿ ನೋಡಿದರೆ ಒಂಬತ್ತು ಜನ ಕೇಕ್ ಕತ್ತರಿಸದೆ ಸುಮ್ಮನೆ ಕೂತಿದ್ದಾರೆ. ಯಾರೂ ಬೈಯಲಿಲ್ಲ. ನಮ್ಮಲ್ಲಾದರೆ "ಬಾರಮ್ಮಾ ಸಾಕು ನಾಟಕ" ಎಂದು ಒಂದು ಮಾತು ಅಂದು ಮುಗಿಸುತ್ತಿದ್ದರು. ಇವರ ಸೌಜನ್ಯದ ಮುಂದೆ ಆ ಬೈಗುಳವೇ ವಾಸಿ ಅನ್ನಿಸಿತು.

ಅಷ್ಟರಲ್ಲಿ ಸಂಗಮೇಶನ ಸಂದೇಶ ಬಂತು. "ಈ ವಾರ ನಿನಗೂ ನಮಗೂ ಮ್ಯಾಚ್. ಬೇಗ ಬಾ." ಸಂಗು ನಮ್ಮ ಎಂಟು ಜನರಲ್ಲಿ ಒಬ್ಬ, ಹುಬ್ಬಳ್ಳಿಯವನು, ಈಗ ಶೋವ್ಡೆ ಎಂಬ ಊರಿನ ಕಾರಿನ ಎಂಜಿನ್ ಕಾರ್ಖಾನೆಯಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುತ್ತಾನೆ. ಉಳಿದ ಐದು ದಿನ ಅವನ ಮನೆಯಲ್ಲೇ ನನ್ನ ಬಿಡಾರ. ಅವನ ತಂಡ ರೊಟ್ಟಿ ನೈನ್ ಈ ಸಲ ಎಂಟಕ್ಕೆ ಎಂಟೂ ವಾರ ಸೋತಿತ್ತು. "ನಮಗೂ" ಎಂದು ಯಾಕೆ ಬರೆದ ಎಂದು ನಾನು ಯೋಚಿಸಲಿಲ್ಲ.

ಬುಧವಾರ, ಶೋವ್ಡೆ

ತಂಡ ಅವನದಲ್ಲ, ಮಗಳದು. ಬುಧವಾರ ಬೆಳಿಗ್ಗೆ ನನ್ನೆದುರು ಮೊಸರಿನ ಬಟ್ಟಲು ಇಟ್ಟುಕೊಂಡು ಕೂತ ಒಂಬತ್ತು ವರ್ಷದ ಇಂಚರ, ಕನ್ನಡಕ ಮೇಲೆ ತಳ್ಳಿ, "ಶೈಲಾ ಆಂಟಿ, ನಿಮ್ಮ ಬೋಂಡಾಗೆ ಇಂಜುರಿ ಆಗಿದೆ. ಎರಡು ದಿನ ಆಯ್ತು. ನೀವಿನ್ನೂ ಚೇಂಜ್ ಮಾಡಿಲ್ಲ" ಎಂದಳು.

ಕಿಸ್ಟಾದ ಗಡಿಬಿಡಿಯಲ್ಲಿ ನಾನು ನೋಡಿಯೇ ಇರಲಿಲ್ಲ. "ನಾನು ಚೇಂಜ್ ಮಾಡದೇ ಇದ್ರೆ ನಿನಗೇ ಲಾಭ ಅಲ್ವೇನೇ?"

"ಆದ್ರೆ ರೂಲ್ ಇದ್ಯಲ್ಲ" ಎಂದು ಅವಳು ಮೊಸರು ತಿನ್ನತೊಡಗಿದಳು.

ಸಂಗು ನಗುತ್ತ ವಿವರಿಸಿದ. ಈ ವರ್ಷದ ಆರಂಭದಲ್ಲಿ ಆಟಗಾರರನ್ನು ಆರಿಸುವ ದಿನ ಇವಳು ಪಕ್ಕದಲ್ಲಿ ಕೂತವಳು ಎದ್ದಿಲ್ಲವಂತೆ. ಯಾರ ಮುಖ ನೋಡಿದರೆ ಒಳ್ಳೆಯವನು ಅನ್ನಿಸಿತೋ ಅವನನ್ನು ಆರಿಸಿದ್ದಾಳೆ. ಹಾಗಾಗಿ ಸೋಲು. ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಅಂಟಿಸಿತ್ತು. ವಾರಕ್ಕೊಂದು ಚೌಕ, ಎಂಟು ಚೌಕದಲ್ಲಿ ಎಂಟು ಎಫ್. ನಾನು ಫೇಲು ಅಂದುಕೊಂಡೆ. ಇಲ್ಲಿನ ಭಾಷೆಯಲ್ಲಿ ಗೆದ್ದರೆ ವಿ, ಸೋತರೆ ಎಫ್ ಎಂದು ಬರೆಯುವುದಂತೆ. ಎಲ್ಲ ಎಫ್‌ಗಳೂ ಕಪ್ಪು ಪೆನ್ನಿನಲ್ಲಿ, ದುಂಡಗೆ, ಒಂದೇ ಅಳತೆಯವು. ಪಕ್ಕದಲ್ಲಿ ಎರಡೂ ತಂಡಗಳ ಅಂಕ.

ಬೋಂಡಾನನ್ನು ತೆಗೆದು ಬೇರೊಬ್ಬನನ್ನು ಹಾಕಿದೆ. ಅವನು ಆ ವಾರ ನನಗೆ ಹನ್ನೊಂದು ಅಂಕ ತಂದ. ಅಂದರೆ ಆ ಹುಡುಗಿಯೇ ತಂದುಕೊಟ್ಟಳು.

ಸಂಜೆ ಅವಳ ಫುಟ್‌ಬಾಲ್ ಪಂದ್ಯಕ್ಕೆ ಹೋದೆವು. ಒಂದು ಮೇಜಿನ ಮೇಲೆ ಅಪ್ಪ ಅಮ್ಮಂದಿರು ದಾಲ್ಚಿನ್ನಿ ಬನ್ನು, ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಂಡು ಮಾರುತ್ತಿದ್ದರು. ಯಾರು ಗೋಲು ಹೊಡೆದರೂ ಎರಡೂ ಕಡೆಯವರು ಚಪ್ಪಾಳೆ ತಟ್ಟುತ್ತಿದ್ದರು. ಅಂಕ ಬರೆಯುವ ಹಲಗೆ ಎಲ್ಲೂ ಇರಲಿಲ್ಲ. ನನಗೆ ತಡೆಯಲಾಗದೆ ಪಕ್ಕದಲ್ಲಿದ್ದ ಎತ್ತರದ ಮನುಷ್ಯನನ್ನು ಎಷ್ಟಾಯಿತು ಎಂದು ಕೇಳಿದೆ. ಆತ ನಾನು ಅವನ ಸಂಬಳ ಎಷ್ಟೆಂದು ಕೇಳಿದ ಹಾಗೆ ಮುಖ ಮಾಡಿ, ಮಕ್ಕಳಿನ್ನೂ ಚಿಕ್ಕವರು, ನಾವು ಎಣಿಸುವುದಿಲ್ಲ ಎಂದ. ನಮ್ಮಕ್ಕನ ಮಗನಿಗೆ ಯುಕೆಜಿಯಲ್ಲಿ ನಾಲ್ಕನೇ ರ‍್ಯಾಂಕ್ ಬಂದ ದಿನ ಅವರ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಅದನ್ನು ಅವನಿಗೆ ಹೇಳಲಿಲ್ಲ.

ಮನೆಗೆ ನಡೆಯುತ್ತಿದ್ದಾಗ ಇಂಚರ ನನ್ನ ಕೈ ಹಿಡಿದು ಪಿಸುಗುಟ್ಟಿದಳು. "ಸಿಕ್ಸ್ ಟೂ. ನಾವು ಸೋತ್ವಿ."

"ಎಣಿಸಲ್ಲ ಅಂದ್ರಲ್ಲ?"

"ದೊಡ್ಡವರು ಎಣಿಸಲ್ಲ. ನಾವೆಲ್ಲ ಎಣಿಸ್ತೀವಿ. ಅವ್ರಿಗೆ ಹೇಳಲ್ಲ ಅಷ್ಟೆ."

"ಯಾಕೆ ಹೇಳಲ್ಲ?"

"ಅವ್ರಿಗೆ ಬೇಜಾರಾಗತ್ತೆ." ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅಂದಳು, "ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ಸೋತ್ರೆ ಸೋತೆ ಅಂತಾನೇ ಬರತ್ತೆ. ಅದಕ್ಕೇ ನಂಗಿಷ್ಟ."

ನಾನು ನಕ್ಕೆ. ರಾತ್ರಿ ಊಟದ ಹೊತ್ತಿಗೆ ಸಂಗುವಿಗೂ ಅವನ ಹೆಂಡತಿ ವಿದ್ಯಾಳಿಗೂ ಅದನ್ನೊಂದು ತಮಾಷೆಯಾಗಿ ಹೇಳಿದೆ. ಅಷ್ಟು ಸ್ಪಷ್ಟವಾಗಿ ಒಬ್ಬರು ತಮಗೇನು ಬೇಕು ಎಂದು ಹೇಳಿದ್ದನ್ನು ನಾನು ಕಿವಿಯಲ್ಲಿ ಕೇಳಿ ಬಾಯಲ್ಲಿ ಖರ್ಚು ಮಾಡಿಬಿಟ್ಟೆ.

ಶುಕ್ರವಾರ, ನೆಲಮಾಳಿಗೆ

ಅವರ ಕಟ್ಟಡದ ಕೆಳಗೆ ಎಲ್ಲ ಮನೆಗಳಿಗೂ ಸೇರಿದ ಬಟ್ಟೆ ಒಗೆಯುವ ಕೋಣೆಯಿದೆ. ಗೋಡೆಯ ಮೇಲಿನ ಹಲಗೆಯಲ್ಲಿ ಯಾವ ಮನೆಗೆ ಯಾವ ಹೊತ್ತು ಎಂದು ಮೊದಲೇ ಗುರುತು ಹಾಕಿರಬೇಕು. ಎಲ್ಲರೂ ಹೊರಗೆ ಹೋಗಿದ್ದಾರೆ, ಯಂತ್ರ ಖಾಲಿಯಿದೆ, ಮನೆಯವರಿಗೆ ಸಹಾಯವಾಗಲಿ ಎಂದು ನಾನು ಒಂದು ಬುಟ್ಟಿ ಬಟ್ಟೆ ಹಾಕಿ ಬಂದೆ. ಕೇಳದೆ ಉಪಕಾರ ಮಾಡುವುದು ನನ್ನ ಹುಟ್ಟುಗುಣ. ಒಂದು ಗಂಟೆ ಬಿಟ್ಟು ಹೋದರೆ ನನ್ನ ಒದ್ದೆ ಬಟ್ಟೆಗಳು ಬುಟ್ಟಿಯಲ್ಲಿ ಅಂದವಾಗಿ ಮಡಿಸಿಟ್ಟಿದ್ದವು. ಮೇಲೊಂದು ಚೀಟಿ. ಸಂಜೆ ವಿದ್ಯಾ ಅದನ್ನು ಓದಿ ಹೇಳಿದಳು. "ಬಹುಶಃ ನೀವು ಹಲಗೆ ಗಮನಿಸಿರಲಿಕ್ಕಿಲ್ಲ. ಹನ್ನೊಂದರಿಂದ ಎರಡರವರೆಗೆ ನನ್ನ ಸಮಯ. ಶುಭದಿನ." ಕೆಳಗೆ ಒಂದು ನಗುಮುಖ.

"ಈ ನಗುಮುಖ ಇದ್ಯಲ್ಲ ಶೈಲಾ, ಇದು ಇವರು ಮಾಡೋ ಅತಿ ದೊಡ್ಡ ಜಗಳ ಕಣ್ರೀ" ಎಂದಳು ವಿದ್ಯಾ. ಮೈಸೂರಿನವಳು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ಅವಳ ಬಾಯಲ್ಲಿ ಜಗಳ ಎಂಬ ಮಾತೂ ಮೃದುವಾಗಿತ್ತು.

ನಾನು ದಾವಣಗೆರೆಯಿಂದ ತಂದ ಚಕ್ಕುಲಿ ತಟ್ಟೆಗೆ ಹಾಕಿಕೊಂಡು ಚೀಟಿ ಬರೆದ ಎರಡನೇ ಮಹಡಿಯ ಅಜ್ಜಿಯ ಬಾಗಿಲು ತಟ್ಟಿದೆ. ಆಕೆ ಇಂಗ್ಲಿಷಿನಲ್ಲಿ ಸಾವಕಾಶವಾಗಿ, ನೀವು ಬಂದದ್ದು ಸಂತೋಷ, ಆದರೆ ನನ್ನ ಹೊತ್ತು ಹೇಗೂ ಹೋಯಿತಲ್ಲ ಎಂದರು. ಕೋಪದಿಂದಲ್ಲ, ಇದ್ದದ್ದು ಇದ್ದ ಹಾಗೆ. ಚಕ್ಕುಲಿ ತೆಗೆದುಕೊಂಡು ತಟ್ಟೆ ತೊಳೆದು ಅಲ್ಲೇ ಕೊಟ್ಟರು. ನಮ್ಮ ಕಡೆ ಖಾಲಿ ತಟ್ಟೆ ವಾಪಸು ಕೊಡುವುದಿಲ್ಲ ಎಂದು ಅವರಿಗೆ ಹೇಗೆ ಗೊತ್ತಾಗಬೇಕು.

ಶನಿವಾರ, ಟ್ರೋಲ್‌ಹೆಟ್ಟನ್

ಈ ಊರಿನ ಜಲಪಾತಕ್ಕೆ ವೇಳಾಪಟ್ಟಿಯಿದೆ. ನೀರೆಲ್ಲ ವಿದ್ಯುತ್ತಿಗೆ ಹೋಗುವುದರಿಂದ ಬಂಡೆಗಳು ಬೋಳಾಗಿ ನಿಂತಿರುತ್ತವೆ. ಬೇಸಿಗೆಯಲ್ಲಿ ಮಧ್ಯಾಹ್ನ ಮೂರಕ್ಕೆ ಗೇಟು ತೆಗೆದು ಸ್ವಲ್ಪ ಹೊತ್ತು ನೀರು ಬಿಡುತ್ತಾರೆ. ಜೋಗಕ್ಕೆ ಹೋಗಿ ಮಂಜು ಮುಸುಕಿ ಏನೂ ಕಾಣದೆ ಜೋಳ ತಿಂದು ವಾಪಸು ಬಂದ ನನ್ನಂಥವಳಿಗೆ ಈ ವ್ಯವಸ್ಥೆ ಬಹಳ ಹಿಡಿಸಿತು.

ಸೇತುವೆಯ ಮೇಲೆ ಕಾಯುತ್ತಿದ್ದೆವು. ಸಂಗುವೂ ಇಂಚರಳೂ ಐಸ್‌ಕ್ರೀಮಿನ ಸಾಲಿನಲ್ಲಿ ನಿಂತಿದ್ದರು. ವಿದ್ಯಾ ಕಂಬಿಗೆ ಒರಗಿ ಹೇಳಿದಳು. "ಒಂದೇ ಒಂದು ಸಲ ಗೆದ್ದುಬಿಟ್ರೆ ಸಾಕು ಅನ್ಸತ್ತೆ ಕಣ್ರೀ. ಪ್ರತಿ ಸೋಮವಾರ ಸ್ಕೂಲಿಗೆ ಹೋಗೋಕೆ ಮುಂಚೆ ಎಫ್ ಬರೀತಾಳಲ್ಲ, ನನಗೆ ನೋಡಕ್ಕಾಗಲ್ಲ. ಅವಳೇನೋ ಅಳಲ್ಲ ಬಿಡಿ. ಅಳೋದು ನಾನು."

ಅಷ್ಟೇ ಅವಳು ಹೇಳಿದ್ದು. ಸೋತುಕೊಡಿ ಎಂದು ಕೇಳಲಿಲ್ಲ. ಕೇಳುವ ಹೆಂಗಸೂ ಅಲ್ಲ. ಆದರೆ ನನ್ನ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಫೋನ್ ತೆಗೆದು ನೋಡಿದೆ, ಅವಳ ತಂಡ ನನಗಿಂತ ಮುಂದಿತ್ತು! ಒಳ್ಳೆಯ ಮುಖದ ಹುಡುಗರು ಕೊನೆಗೂ ಆಡತೊಡಗಿದ್ದರು. ಆದರೆ ಭಾನುವಾರ ಸಂಜೆ ನನ್ನ ಉದ್ದಕೈ ಚೆಂಡೆಸೆಯುವ ಸರದಿ. ಐದು ದಿನಕ್ಕೊಮ್ಮೆ ಬರುವವನು, ಬಂದರೆ ಇಪ್ಪತ್ತಕ್ಕೆ ಕಡಿಮೆಯಿಲ್ಲ. ಅವನು ಇಳಿದರೆ ಒಂಬತ್ತನೇ ಎಫ್ ಖಂಡಿತ. ಇವರ ಮನೆಯ ಅನ್ನ ತಿಂದು, ಇವರ ಹಾಸಿಗೆಯಲ್ಲಿ ಮಲಗಿ, ಇವರ ಮಗಳ ಚೌಕದಲ್ಲಿ ನಾನು ಎಫ್ ಬರೆಸುವುದೇ?

ಮೂರು ಹೊಡೆಯಿತು. ಬಂಡೆಗಳ ಸಂದಿನಿಂದ ನೀರು ಬಿಳಿಯಾಗಿ ನುಗ್ಗಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಇಂಚರ ಐಸ್‌ಕ್ರೀಮ್ ಮುಗಿಸುವುದರಲ್ಲೇ ಇದ್ದಳು.

"ನೋಡೇ ಪುಟ್ಟಿ, ಎಷ್ಟು ಚೆನ್ನಾಗಿದೆ!"

"ಹ್ಞೂಂ. ಆದ್ರೆ ಇದು ಬಟನ್ ಒತ್ತಿದ್ದು" ಎಂದಳು.

ಭಾನುವಾರ, ಶೋವ್ಡೆ

ಬೆಳಿಗ್ಗೆ ಅವಳಿಗೆ ನೂರ ತೊಂಬತ್ತೆಂಟು, ನನಗೆ ನೂರ ಎಂಬತ್ತೊಂಬತ್ತು. ದಿನವಿಡೀ ಮನೆಯಲ್ಲಿ ಹಬ್ಬದ ಹಿಂದಿನ ದಿನದಂಥ ಸಡಗರ. ಸಂಗು ಜೋಳದ ರೊಟ್ಟಿ ಬಡಿಯುತ್ತಿದ್ದ. ಅಮೆರಿಕದ ಮಧ್ಯಾಹ್ನದ ಪಂದ್ಯಗಳು ಇಲ್ಲಿ ಸಂಜೆ ಏಳಕ್ಕೆ ಶುರು. ಆರು ಗಂಟೆಗೆ ಇಂಚರ ಟ್ಯಾಬ್ ಹಿಡಿದುಕೊಂಡು ನನ್ನ ಮುಂದೆ ನಿಂತಳು.

"ಶೈಲಾ ಆಂಟಿ, ಉದ್ದಕೈ ಇವತ್ತು ಆಡ್ತಾನೆ. ಬೆಂಚ್‌ನಲ್ಲೇ ಇದ್ದಾನೆ."

"ಹ್ಞಾಂ, ಹಾಕ್ತೀನಿ ಪುಟ್ಟಿ."

ಆರೂ ಮುಕ್ಕಾಲಿಗೆ ಮತ್ತೆ ಬಂದಳು. "ಆಂಟಿ, ಇನ್ನು ಫಿಫ್ಟೀನ್ ಮಿನಿಟ್ಸ್."

"ಹಾಕ್ತೀನಮ್ಮಾ, ಒಂದು ನಿಮಿಷ" ಎಂದು ಫೋನ್ ಎತ್ತಿಕೊಂಡೆ. ಎತ್ತಿಕೊಂಡು ಅಕ್ಕನಿಗೆ ಹೂವಿನ ಫೋಟೋ ಕಳಿಸಿದೆ.

ಏಳು ಹೊಡೆಯಿತು. ಉದ್ದಕೈ ಹೆಸರಿನ ಪಕ್ಕ ಬೀಗದ ಗುರುತು ಬಿತ್ತು, ಇನ್ನು ಅಲುಗಿಸಲಾಗದು. ಅವಳು ಅದನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನಾನು ಕಲಿತ ನಾಟಕವನ್ನೆಲ್ಲ ಹಾಕಿ, "ಅಯ್ಯೋ! ಮರೆತೇ ಹೋಯ್ತಲ್ಲೇ!" ಎಂದು ಹಣೆ ಚಚ್ಚಿಕೊಂಡೆ.

"ನಾನು ಹೇಳಿದ್ನಲ್ಲ" ಎಂದಳು ಇಂಚರ. "ಎರಡು ಸಲ."

ಜಗಳವಾಡುವ ದನಿಯಲ್ಲ. ತನ್ನ ಕಡೆಯಿಂದ ತಪ್ಪಾಯಿತೇ ಎಂದು ನೋಡಿಕೊಳ್ಳುವ ದನಿ. ಅವಳು ಟ್ಯಾಬ್ ಹಿಡಿದುಕೊಂಡು ಸೋಫಾದ ಮೂಲೆಗೆ ಹೋದಳು. ಉದ್ದಕೈ ಆ ದಿನ ಪ್ರಾಣ ಪಣಕ್ಕಿಟ್ಟವನ ಹಾಗೆ ಎಸೆದ. ಬೂದು ಬಣ್ಣದ ಅಂಕ ಏರುತ್ತಾ ಹೋಯಿತು; ಆರು, ಹನ್ನೊಂದು, ಹದಿನೇಳು. ಅವಳ ಹುಡುಗರೂ ಚೆನ್ನಾಗಿ ಆಡುತ್ತಿದ್ದರು, ಅದನ್ನು ಅವಳು ನೋಡುತ್ತಲೇ ಇರಲಿಲ್ಲ.

ಸಂಗು ಕೈಗೆ ಅಂಟಿದ ಹಿಟ್ಟು ಒರೆಸಿಕೊಳ್ಳುತ್ತ ಬಂದು ನನ್ನನ್ನು ಬಾಲ್ಕನಿಗೆ ಕರೆದ. ಎಂಟು ಗಂಟೆಯಾದರೂ ಹೊರಗೆ ಬಿಸಿಲಿತ್ತು. ಕನ್ನಡದವರು ಸೇರಿದಾಗೆಲ್ಲ ಬೆಂಗಳೂರಿನ ಮಾತನ್ನೇ ಆಡುವ ಸಂಗು, ಹನ್ನೆರಡು ವರ್ಷದಲ್ಲಿ ಮೊದಲ ಸಲ ನನ್ನ ಹತ್ತಿರ ತನ್ನ ಊರಿನ ಮಾತಾಡಿದ.

"ಶೈಲಾ, ಖರೆ ಹೇಳು. ಮರತಿದ್ದಿ ಏನ?"

"ಒಂದು ಸಲ ಖುಷಿಪಡಲಿ ಅಂತ ಕಣೋ. ಚಿಕ್ಕ ಮಗು" ಎಂದೆ.

"ಆಕಿ ಕೇಳಿದ್ಲೇನ?"

"ಇಲ್ಲ."

"ಎಂಟ್ ವಾರ ಸೋತಾಳ. ಒಂದ್ ದಿನಾನೂ ಅತ್ತಿಲ್ಲ. ಸೋತಿದ್ದು ಸೋತಂಗ ಬರಕೊಂಡಾಳ. ಇಲ್ಲೆ ಸಾಲ್ಯಾಗ, ಆಟದಾಗ, ಎಲ್ಲಾರೂ ಆಕೀಗೆ ಚಲೋ ಆತು ಚಲೋ ಆತು ಅಂತಾರ. ಇದೊಂದ ಕಡೆ ಖರೆ ಇತ್ತು. ಇದನ್ನೂ ನೀ ಸುಳ್ಳ ಮಾಡಿದಿ." ಅವನು ಬಾಗಿಲ ಕಡೆ ತಿರುಗಿದ. "ಹೋಗ್ಲಿ ಬಿಡು. ರೊಟ್ಟಿ ಆರ‍್ತಾವ, ಬಾ."

ರೊಟ್ಟಿ ತಿಂದೆವು. ಎಣ್ಣೆಗಾಯಿ ಬಹಳ ರುಚಿಯಾಗಿತ್ತು ಎಂದು ನಾನು ಎರಡು ಸಲ ಹೇಳಿದೆ.

ಸೋಮವಾರ, ಫ್ರಿಜ್ಜಿನ ಮುಂದೆ

ಬೆಳಿಗ್ಗೆ ಏಳುವಷ್ಟರಲ್ಲಿ ಫಲಿತಾಂಶ ಬಂದಿತ್ತು. ಅವಳಿಗೆ ಇನ್ನೂರ ಹದಿನಾಲ್ಕು, ನನಗೆ ಇನ್ನೂರ ಏಳು. ಗೆಳೆಯರ ಗುಂಪಿನಲ್ಲಿ ಸಂದೇಶಗಳ ಸುರಿಮಳೆ. ಕೇಕಿನ ಚಿತ್ರ, ಪಟಾಕಿಯ ಚಿತ್ರ, "ಮೊದಲ ಗೆಲುವು! ಇಂಚರಾಗೆ ಜೈ!", "ಚಾಂಪಿಯನ್ ಶೈಲಾಗೇ ಮಣ್ಣು ಮುಕ್ಕಿಸಿದಳು!" ಒಬ್ಬ ತನ್ನ ಇಬ್ಬರು ಮಕ್ಕಳಿಂದ ಜೈಕಾರ ಹಾಕಿಸಿ ಧ್ವನಿ ಸಂದೇಶ ಕಳಿಸಿದ್ದ. ಬೆಂಚಿನ ಬೂದು ಅಂಕವನ್ನು ಅವರಲ್ಲಿ ಯಾರೂ ತೆಗೆದು ನೋಡಿರಲಿಲ್ಲ. ವಿದ್ಯಾ ಅವನ್ನೆಲ್ಲ ಮಗಳಿಗೆ ಕೇಳಿಸಿದಳು. ಏನಾಗಿದೆ ಎಂದು ಅವಳಿಗೂ ಸಂಗು ಹೇಳಿರಲಿಲ್ಲ. ಇಂಚರ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಪೂರ್ತಿ ಕೇಳಿ, "ಥ್ಯಾಂಕ್ಸ್ ಅಂತ ಹೇಳು ಅಮ್ಮಾ" ಎಂದಳು.

ನಾನು ಅವಳ ಪಕ್ಕದಲ್ಲಿ ಕೂತೆ. "ಪುಟ್ಟಿ, ನಾನು ಮಾಡಿದ್ದು ತಪ್ಪು ಕಣೇ. ನಾನು ಮರೆತಿರಲಿಲ್ಲ."

"ಐ ನೋ" ಎಂದಳು. ಆಮೇಲೆ ಶೂ ಹಾಕಿಕೊಳ್ಳುತ್ತ, ಇಂಗ್ಲಿಷಿನಲ್ಲೇ, "ಇಟ್ಸ್ ಓಕೆ, ಆಂಟಿ." ಐದು ದಿನ ನನ್ನ ಹತ್ತಿರ ಇಂಗ್ಲಿಷ್ ಬೆರೆತರೂ ಕನ್ನಡದಲ್ಲೇ ಮಾತಾಡಿದ ಹುಡುಗಿ. ಇಷ್ಟು ಸಭ್ಯವಾಗಿ ನನ್ನನ್ನು ಯಾರೂ ಹೊರಗೆ ನಿಲ್ಲಿಸಿರಲಿಲ್ಲ.

ಅವರೆಲ್ಲ ಹೋದ ಮೇಲೆ ನನ್ನ ರೈಲಿಗೆ ಇನ್ನೂ ಒಂದು ಗಂಟೆಯಿತ್ತು. ಅಡುಗೆಮನೆಗೆ ನೀರು ಕುಡಿಯಲು ಹೋದೆ. ಒಂಬತ್ತನೇ ಚೌಕ ತುಂಬಿತ್ತು. ಇನ್ನೂರ ಹದಿನಾಲ್ಕು ಎಂದು ಅವಳ ಅಂಕ. ನನ್ನ ಅಂಕದ ಜಾಗದಲ್ಲಿ ಇನ್ನೂರ ಏಳು ಬರೆದು, ಅದರ ಮುಂದೆ ಕೂಡಿಸುವ ಗುರುತು ಹಾಕಿ ಇಪ್ಪತ್ತಮೂರು, ಕೆಳಗೆ ಗೀಟು ಎಳೆದು ಇನ್ನೂರ ಮೂವತ್ತು. ಮತ್ತೆ ಅದೇ ದುಂಡನೆಯ ಎಫ್.

ಬಟ್ಟೆಯ ಕೋಣೆಯ ಅಜ್ಜಿಗೆ ಚಕ್ಕುಲಿ ಒಯ್ದಿದ್ದೆ. ಇಲ್ಲಿ ಏನು ಒಯ್ಯಬೇಕೆಂದು ತಿಳಿಯಲಿಲ್ಲ. ರೈಲು ಹತ್ತುವವರೆಗೂ ಆ ಕಾಗದವೇ ಕಣ್ಣ ಮುಂದಿತ್ತು. ದಾರಿಯುದ್ದಕ್ಕೂ ಕೆಂಪು ಬಣ್ಣದ ಮರದ ಮನೆಗಳು, ಹಳದಿ ಹೂವಿನ ಹೊಲಗಳು ಹೋದವು. ಚೆನ್ನಾಗಿದ್ದಿರಬೇಕು.

ಆಗಸ್ಟ್, ದಾವಣಗೆರೆ

ನಾನು ಬಂದ ಎರಡು ವಾರಕ್ಕೆ ಇಂಚರ ಗೆದ್ದಳು. ಮೈಸೂರಿನ ಗೆಳೆಯನೊಬ್ಬನನ್ನು ಮೂವತ್ತು ಅಂಕದಿಂದ, ಯಾರ ಹಂಗೂ ಇಲ್ಲದೆ. ಫ್ರಿಜ್ಜಿನ ಮೇಲೆ ಮೊದಲ ವಿ ಬಿತ್ತು ಎಂದು ಸಂಗು ಫೋನಿನಲ್ಲಿ ಹೇಳಿದ. ಗೆಳೆಯರ ಗುಂಪಿನಲ್ಲಿ ಮಾತ್ರ ಎರಡು ಹೆಬ್ಬೆರಳಿನ ಗುರುತು ಬಂದು ಸುಮ್ಮನಾಯಿತು. ಕೇಕೂ ಪಟಾಕಿಯೂ ಜೈಕಾರವೂ ನನ್ನ ವಾರದಲ್ಲೇ ಮುಗಿದುಹೋಗಿದ್ದವು. ಆ್ಯಪಿನ ಲೆಕ್ಕದಲ್ಲಿ ಇದು ಅವಳ ಎರಡನೇ ಗೆಲುವು. ಇನ್ನೆರಡು ವಾರ ನಾನು ಸುಮ್ಮನಿದ್ದಿದ್ದರೆ ಆ ಸಡಗರವೆಲ್ಲ ಸರಿಯಾದ ದಿನ ಅವಳ ಮನೆಗೆ ಬರುತ್ತಿತ್ತು. ನಾನದನ್ನು ಕೊಟ್ಟೆ ಅಂದುಕೊಂಡಿದ್ದೆ, ಕಿತ್ತುಕೊಂಡಿದ್ದೆ. ಗುಂಪಿನಲ್ಲಿ ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ. ಇಲ್ಲಿ ಬರೆದಿದ್ದೇ ಮೊದಲು.

ಆಗಸ್ಟಿನಲ್ಲಿ ಮತ್ತೆ ಅವಳಿಗೂ ನನಗೂ ಸರದಿ ಬಂತು. ಆ ಭಾನುವಾರ ನಾನು ಚಿಕ್ಕಪ್ಪನ ಮಗಳ ಮದುವೆಗೆಂದು ದಾವಣಗೆರೆಯಲ್ಲಿದ್ದೆ. ಎರಡು ದಿನದಿಂದ ಫೋನಿನಲ್ಲಿ ಲೀಗ್ ತೆರೆದು ನೋಡಿರಲಿಲ್ಲ. ಎಲೆಯ ಮುಂದೆ ಕೂತು, ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ಸಂಗುವಿನ ನಂಬರಿನಿಂದ ಧ್ವನಿ ಸಂದೇಶ ಬಂತು. ಅಲ್ಲಿ ಇನ್ನೂ ಬೆಳಗಿನ ಹೊತ್ತು. ಜೂನಿನಿಂದ ಕೇಳದ ದನಿ.

"ಶೈಲಾ ಆಂಟಿ, ನಿಮ್ಮ ಟೀಮ್‌ನಲ್ಲಿ ಥರ್ಡ್ ಬೇಸ್ ಜಾಗ ಖಾಲಿ ಇದೆ. ಈ ಸಲ ನಿಜವಾಗ್ಲೂ ಮರೆತಿದ್ದೀರಾ?"

ನಿಜವಾಗಿಯೂ ಮರೆತಿದ್ದೆ. ಆದರೆ ಆ ಮಾತನ್ನು ಹೇಗೆ ಹೇಳಿದರೂ ನನ್ನ ಕಿವಿಗೇ ಶೋವ್ಡೆಯ ಆ ಭಾನುವಾರದ "ಅಯ್ಯೋ"ನ ಹಾಗೆ ಕೇಳುತ್ತಿತ್ತು. ಎಡಗೈಯಲ್ಲಿ ಫೋನ್ ಹಿಡಿದು ಮೂರು ಸಲ ಹೇಳಿ ಮೂರು ಸಲ ಅಳಿಸಿದೆ. ನಾಲ್ಕನೇ ಸಲ, "ಹೌದು ಪುಟ್ಟಿ, ಈ ಸಲ ಮ‌ರೆತಿದ್ದೆ" ಎಂದಷ್ಟೇ ಕಳಿಸಿದೆ.

ಉತ್ತರ ಬರಲು ಹೊತ್ತಾಯಿತು. ಎಲೆಗೆ ಅನ್ನ ಬಂತು, ಸಾರು ಬಂತು, ಬಡಿಸುವವರು ಯಾಕಮ್ಮಾ ಊಟ ಮಾಡ್ತಿಲ್ಲ ಎಂದು ಕೇಳಿ ಹೋದರು. ಆಮೇಲೆ ಬಂತು.

"ಓಕೆ. ಹಾಗಾದ್ರೆ ಈಗ ಹಾಕಿ. ನಾನು ನೋಡ್ತಾ ಇರ್ತೀನಿ."

ಊಟದ ಮಧ್ಯೆ ಏಳಬಾರದು ಎಂದು ಪಕ್ಕದಲ್ಲಿದ್ದ ದೊಡ್ಡಮ್ಮ ಗದರಿದರು. ಎದ್ದೆ. ಕೈ ತೊಳೆಯುವ ನಲ್ಲಿಯ ಹತ್ತಿರ ನಿಂತು, ಬೆಂಚಿನ ಮೇಲಿದ್ದವನನ್ನು ಎಬ್ಬಿಸಿ ಖಾಲಿ ಜಾಗಕ್ಕೆ ಹಾಕಿದೆ. ಅವನು ಆ ದಿನ ಹದಿನಾಲ್ಕು ಅಂಕ ತಂದ, ನಾನು ಆರು ಅಂಕದಿಂದ ಗೆದ್ದೆ. ಶೋವ್ಡೆಯ ಆ ಫ್ರಿಜ್ಜಿನ ಮೇಲೆ ಸೋಮವಾರ ಇನ್ನೊಂದು ಎಫ್ ಬಿದ್ದಿರುತ್ತದೆ. ಈ ಸಲ ಅದರ ಪಕ್ಕದಲ್ಲಿ ಅವಳು ಏನನ್ನೂ ಕೂಡಿಸಬೇಕಾಗಿರಲಿಲ್ಲ.